ಗೆರೆ ಕಡಿಯದೆ ಕರೆಂಟ್ ಅಳೆದ ಅಪರಾಧದ ಬಗ್ಗೆ

ಮಾಪನ ಮತ್ತು ದುರಸ್ತಿ ವಿಭಾಗ
ಮುಖ್ಯಾಧಿಕಾರಿಯವರ ಕಾರ್ಯಾಲಯ (ತಾತ್ಕಾಲಿಕ ವಿಳಾಸಕ್ಕೆ ಕಂಡಿಕೆ 7 ನೋಡುವುದು)

ಸಂಖ್ಯೆ: ಮಾದುವಿ/ಗೆರೆ/ಕಡಿತ/47
ದಿನ: ಗುರುವಾರ

ಸುತ್ತೋಲೆ
(ಮೂರನೆಯ ಕರಡು. ಮೊದಲೆರಡು ವಾಪಸ್ ಬಂದಿರುತ್ತವೆ.)

ವಿಷಯ: ಸರ್ಕ್ಯೂಟ್ ಬೋರ್ಡಿನ ತಾಮ್ರದ ಗೆರೆಗಳಲ್ಲಿ ಹರಿಯುವ ಕರೆಂಟನ್ನು ಅಳೆಯುವ ಕ್ರಮ, ಹಾಗೂ ಸದರಿ ಕ್ರಮವನ್ನು ಗಾಳಿಗೆ ತೂರಿದ ದುರಸ್ತಿ ಮೇಜಿನ ಅಕ್ಕನವರ ಬಗ್ಗೆ.

ಉಲ್ಲೇಖ: 1. ವಿಭಾಗದ ಮಾಪನ ಕೈಪಿಡಿ, ಪುಟ 12 (ಪುಟ 13ನ್ನು ಗೆದ್ದಲು ತಿಂದಿದೆ).
2. ಅಕ್ಕನವರಿಗೆ ಸೋಮವಾರ ನೀಡಿದ ಮೆಮೊ.
3. ಅಕ್ಕನವರು ಇಂದು ಬಾಯಿಮಾತಿನಲ್ಲಿ ಹೇಳಿದ್ದು.

1. ಕರೆಂಟ್ ಅಳೆಯುವಾಗ ಅದು ಹರಿಯುವ ತಂತಿಯು ಕ್ಲಾಂಪ್ ಮೀಟರಿನ ದವಡೆಯೊಳಗೆ ಪೂರ್ತಿ ಬರತಕ್ಕದ್ದು ಎಂದು ಕೈಪಿಡಿಯಲ್ಲಿ ವಿಧಿಸಲಾಗಿದೆ. ಕೈಪಿಡಿ ಬರೆದ ಕಾಲಕ್ಕೆ ಎಲ್ಲೆಡೆ ತಂತಿಗಳೇ ಇದ್ದವು. ಈಗಿನ ಬೋರ್ಡುಗಳಲ್ಲಿ ತಂತಿಯ ಬದಲು ತಾಮ್ರದ ತೆಳು ಗೆರೆಗಳಿದ್ದು, ಅವು ಬೋರ್ಡಿಗೆ ಅಂಟಿಕೊಂಡೇ ಇರುತ್ತವೆ. ದವಡೆಯು ಅವುಗಳನ್ನು ಸುತ್ತುವರಿಯಲು ಬರುವುದಿಲ್ಲ. ಇದನ್ನು ಗೆರೆಗಳ ಅಸಹಕಾರವೆಂದು ಪರಿಗಣಿಸಲಾಗಿದೆ.

2. ಅಸಹಕಾರ ತೋರುವ ಗೆರೆಯನ್ನು ಬ್ಲೇಡಿನಿಂದ ನಡುವೆ ಕಡಿದು, ಕಡಿದ ಎರಡು ತುದಿಗಳಿಗೆ ವಿಭಾಗದ ಕೆಂಪು ತಂತಿಯನ್ನು ಬೆಸೆದು, ಆ ತಂತಿಗೆ ಮೀಟರನ್ನು ಕಚ್ಚಿಸಿ ಅಳೆಯತಕ್ಕದ್ದು. ಕೆಂಪು ತಂತಿಯು ಉಗ್ರಾಣದ ಸ್ವತ್ತಾಗಿದ್ದು, ಇಡೀ ವಿಭಾಗಕ್ಕೆ ಒಂದೇ ಇರುವುದರಿಂದ, ಅಂದೇ ಸಂಜೆ ಐದರೊಳಗೆ ಬಿಚ್ಚಿ ವಾಪಸ್ ಮಾಡತಕ್ಕದ್ದು. ತಂತಿ ವಾಪಸಾದ ಮೇಲೆ ಗೆರೆಯಲ್ಲಿ ಉಳಿಯುವ ಕಡಿತವನ್ನು ಏನು ಮಾಡಬೇಕೆಂದು ಪುಟ 12ರಲ್ಲಿ ಹೇಳಿರುವುದಿಲ್ಲ. ಪುಟ 13ರಲ್ಲಿ ಹೇಳಿದ್ದಿರಬಹುದು. ಗೆದ್ದಲುಗಳಿಗೆ ಗೊತ್ತಿರುತ್ತದೆ.

3. ಹತ್ತೊಂಬತ್ತು ವರ್ಷಗಳಿಂದ ಈ ಕ್ರಮವು ಯಾವ ತಕರಾರೂ ಇಲ್ಲದೆ ನಡೆದುಬಂದಿದ್ದು, ಇದು ಕ್ರಮದ ಹಿರಿಮೆ ಎಂದೇ ನಂಬಲಾಗಿತ್ತು. ಈಗ ತಿಳಿದುಬಂದಿರುವುದೇನೆಂದರೆ, ಕೆಂಪು ತಂತಿ ಉಗ್ರಾಣ ಸೇರಿದ ಮೇಲೆ ಅಕ್ಕನವರು ಹತ್ತು ನಿಮಿಷ ಹೆಚ್ಚು ಕುಳಿತು, ಯಾರ ಬಳಿಯೂ ತುಟಿಪಿಟಕ್ಕೆನ್ನದೆ, ಮನೆಯಿಂದ ತಂದ ತಂತಿಯ ಚೂರನ್ನು ಕಡಿತಕ್ಕೆ ಬೆಸೆದು ಮನೆಗೆ ಹೋಗುತ್ತಿದ್ದರು. ಸದರಿ ಹತ್ತು ನಿಮಿಷಗಳಿಗೆ ಅನುಮತಿ ಪಡೆದ ದಾಖಲೆ ಇರುವುದಿಲ್ಲ. ಧನ್ಯವಾದ ಹೇಳಿದ ದಾಖಲೆಯೂ ಇರುವುದಿಲ್ಲ.

4. ಕಳೆದ ಸೋಮವಾರ ನೀರಿನ ಪಂಪಿನ ಬೋರ್ಡು ಅಳತೆಗೆ ಬಂದಿತು. ಅಕ್ಕನವರು ಗೆರೆಯನ್ನು ಕಡಿಯಲಿಲ್ಲ. ಕೆಂಪು ತಂತಿ ಕೇಳಲಿಲ್ಲ. ಗೆರೆಯ ಎರಡು ತುದಿಗಳಿಗೆ ಮೀಟರಿನ ಎರಡು ಸೂಜಿಗಳನ್ನು ಊರಿದರು. ಮೊದಲು ತಾವೇ ಒಂದು ಆಂಪಿಯರ್ ಹರಿಸಿ ನೋಡಿದಾಗ ಮೀಟರು ಹತ್ತು ಮಿಲಿವೋಲ್ಟ್ ತೋರಿಸಿತು. ಪಂಪು ಓಡುವಾಗ ಇಪ್ಪತ್ತು ತೋರಿಸಿತು. ಆದ್ದರಿಂದ ಹರಿಯುತ್ತಿರುವುದು ಎರಡು ಆಂಪಿಯರ್ ಎಂದು ಬರೆದು ಕೈ ಒರೆಸಿಕೊಂಡರು. ಮುಖ್ಯಾಧಿಕಾರಿಯವರು ಹುಬ್ಬೇರಿಸಿ, 'ಇದೇನಕ್ಕ, ಅಳತೆಯೋ ಕಣ್ಕಟ್ಟೋ?' ಎಂದು ವಿಚಾರಿಸಲಾಗಿ, 'ಕಡಿಯೋಕೆ ಜಾಗ ಎಲ್ಲಿದೆ ಸಾರ್? ಒಂಬತ್ತು ಸಲ ಕಡಿದಿದೀವಿ. ಗೆರೆಯಲ್ಲಿ ತಾಮ್ರಕ್ಕಿಂತ ನನ್ನ ಬೆಸುಗೆನೇ ಜಾಸ್ತಿ ಇದೆ' ಎಂದು ಉತ್ತರಿಸಿರುತ್ತಾರೆ. ಪಂಪು ಇಂದಿಗೂ ಓಡುತ್ತಿದೆ. ಇದನ್ನು ಗಂಭೀರವಾಗಿ ಪರಿಗಣಿಸಲಾಯಿತು.

5. ಸದರಿ ಕೃತ್ಯಕ್ಕಾಗಿ ಅಕ್ಕನವರನ್ನು ಮೇಜಿನಿಂದ ಬಿಡಿಸಿ, ಲಕೋಟೆ ಅಂಟಿಸಲು ಟಪಾಲು ಶಾಖೆಗೆ ಕಳುಹಿಸಲಾಯಿತು. ಅವರ ಬೆಸುಗೆ ಕಡ್ಡಿಗೆ ಅರಗಿನ ಮುದ್ರೆ ಒತ್ತಲಾಯಿತು. ಸುತ್ತೋಲೆಯ ಅನುಮತಿ ಇಲ್ಲದೆ ಅವರು ಯಾವುದೇ ಬೋರ್ಡನ್ನು ಮುಟ್ಟತಕ್ಕದ್ದಲ್ಲ. ಮೂರು ದಿನಗಳಲ್ಲಿ ತೃಪ್ತಿಕರ ವಿವರಣೆ ಬಾರದಿದ್ದಲ್ಲಿ ಮೇಜು ಕಾಯಂ ಆಗಿ ಕೈತಪ್ಪುವುದು ಎಂದು ಮೆಮೊದಲ್ಲಿ ತಿಳಿಸಲಾಯಿತು. ಹತ್ತೊಂಬತ್ತು ವರ್ಷದ ಮೇಜನ್ನು ಬಿಡುವಾಗ ಅವರಿಗೆ ಅಳು ಬಂದಿತ್ತೆಂದು ಟೈಪಿಸ್ಟ್ ವರದಿ ಮಾಡಿದ್ದಾರೆ. ಅಳು ಅಧಿಕೃತವಾಗಿ ಸ್ವೀಕೃತವಾಗಿರುವುದಿಲ್ಲ.

6. ಬುಧವಾರ ಲಿಫ್ಟಿನ ಬೋರ್ಡನ್ನು ಮುಖ್ಯಾಧಿಕಾರಿಯವರ ಖುದ್ದು ಮೇಲ್ವಿಚಾರಣೆಯಲ್ಲಿ, ಕೈಪಿಡಿಯ ಒಂದಕ್ಷರವೂ ಬಿಡದಂತೆ ಅಳೆಯಲಾಯಿತು. ಬ್ಲೇಡು ಅವರೇ ಹಿಡಿದರು. ಅಂಕಿ ಅಂದವಾಗಿ ಬಂದಿತು. ಕೆಂಪು ತಂತಿಯು 4.50ಕ್ಕೆ ಉಗ್ರಾಣ ಸೇರಿತು. ಬೋರ್ಡು ಲಿಫ್ಟಿನ ಯಂತ್ರದ ಕೋಣೆ ಸೇರಿತು. ಐದರ ನಂತರದ ಹತ್ತು ನಿಮಿಷ ಕೂರಲು ಯಾರೂ ಇರಲಿಲ್ಲ.

7. ಕಡಿದ ಗೆರೆಯು ಲಿಫ್ಟಿನ ಬಾಗಿಲು ತೆರೆಸುವ ಗೆರೆಯಾಗಿತ್ತು. ಬಾಗಿಲು ಮುಚ್ಚಿಸುವ ಗೆರೆ ಬೇರೆ ಇದ್ದು, ಅದು ಆರೋಗ್ಯವಾಗಿದೆ. ಇಂದು ಬೆಳಿಗ್ಗೆ 11.40ಕ್ಕೆ, ನೆಲಮಹಡಿಯಲ್ಲಿ ತೆರೆದೇ ನಿಂತಿದ್ದ ಲಿಫ್ಟನ್ನು ಮುಖ್ಯಾಧಿಕಾರಿಯವರು ಏರಿದರು. ಬಾಗಿಲು ಚೆನ್ನಾಗಿ ಮುಚ್ಚಿತು. ಲಿಫ್ಟು ಚೆನ್ನಾಗಿ ನಾಲ್ಕನೇ ಮಹಡಿ ಮುಟ್ಟಿತು. ಅಲ್ಲಿಂದೀಚೆಗೆ ಮುಂದಿನ ಆದೇಶದವರೆಗೆ ಕಾರ್ಯಾಲಯವು ಲಿಫ್ಟಿನೊಳಗಿರುತ್ತದೆ. ಬಾಗಿಲನ್ನು ಹೊರಗಿನಿಂದ ತೆರೆಯುವ ಏಕೈಕ ಕೀಲಿಯು ನಿಯಮಾನುಸಾರ ಮುಖ್ಯಾಧಿಕಾರಿಯವರ ಜೇಬಿನಲ್ಲಿ ಭದ್ರವಾಗಿದೆ. ಬಾಗಿಲ ಸಂದಿಯಲ್ಲಿ ಕಾಗದ ತೂರುತ್ತದೆ. ಹೆಬ್ಬೆರಳು ಗಾತ್ರದ ಆ ಕೀಲಿ ತೂರುವುದಿಲ್ಲ.

8. ಈ ಅವಧಿಯಲ್ಲಿ ಸಿಬ್ಬಂದಿಯು ಕೆಳಕಂಡಂತೆ ನಡೆದುಕೊಳ್ಳತಕ್ಕದ್ದು:
(ಅ) ಕಡತಗಳನ್ನು ಒಂದೊಂದೇ ಹಾಳೆಯಾಗಿ ಬಿಚ್ಚಿ ಸಂದಿಯಿಂದ ಮಂಡಿಸುವುದು. ಟ್ಯಾಗು ಹೊರಗೇ ಉಳಿಯುವುದು.
(ಆ) ಭೇಟಿಗೆ ಬಂದವರು ಬಾಗಿಲಿಗೆ ನಮಸ್ಕರಿಸುವುದು. ಒಳಗಿನಿಂದ ಪ್ರತಿನಮಸ್ಕಾರ ಮಾಡಲಾಗಿದೆ ಎಂದು ಭಾವಿಸುವುದು.
(ಇ) 'ಸಾರ್, ಒಳಗಿದೀರಾ?' ಎಂದು ಕೇಳುವುದನ್ನು ನಿಷೇಧಿಸಲಾಗಿದೆ.
(ಈ) ಬಾಗಿಲ ಮುಂದೆ ನಗತಕ್ಕದ್ದಲ್ಲ. ನಗು ತಡೆಯಲಾಗದವರು ಮೂರನೇ ಮಹಡಿಗೆ ಇಳಿದು ನಗುವುದು. ಅಲ್ಲಿ ಈಗಾಗಲೇ ಜಾಗ ಸಾಲದೆ ಇರುವುದರಿಂದ ಎರಡನೇ ಮಹಡಿಯನ್ನೂ ಈ ಮೂಲಕ ತೆರೆಯಲಾಗಿದೆ.

9. ಟಪಾಲು ಶಾಖೆಯಿಂದ ಅಕ್ಕನವರನ್ನು ಬಾಗಿಲ ಬಳಿಗೆ ಕರೆಸಲಾಯಿತು. ಅವರು ಹೇಳಿದ್ದನ್ನು ನೆಲದ ಮೇಲೆ ಕುಳಿತು ಬರೆದುಕೊಂಡಿರುವ ಗುಮಾಸ್ತರು ಯಥಾವತ್ತಾಗಿ ದಾಖಲಿಸಿದ್ದಾರೆ: 'ಮಾಡ್ತೀನಿ ಸಾರ್, ಯಾಕೆ ಮಾಡಲ್ಲ? ಹತ್ತು ನಿಮಿಷದ ಕೆಲಸ. ಆದ್ರೆ ಸುತ್ತೋಲೆ ಕೈಗೆ ಬರದೆ ಬೋರ್ಡ್ ಮುಟ್ಟಬಾರದು ಅಂತ ನಿಮ್ಮ ಮೆಮೊದಲ್ಲೇ ಇದೆಯಲ್ಲ.' ಒಳಗಿನಿಂದ, 'ಅಕ್ಕಾ, ಅದನ್ನೆಲ್ಲ ಈಗ ಯಾಕೆ ಎತ್ತುತ್ತೀರಿ?' ಎಂದು ಕೇಳಿಬಂದಿರುತ್ತದೆ. ಅಕ್ಕನವರು ಕೆಳಗಿಳಿದು ಲಕೋಟೆ ಅಂಟಿಸಲು ಕುಳಿತರು. ಮೊದಲ ಕರಡಿಗೆ ಸಂಖ್ಯೆ ಹಾಕಿರಲಿಲ್ಲವೆಂದು ವಾಪಸ್ ಕಳುಹಿಸಿದರು. ಎರಡನೆಯದರಲ್ಲಿ 'ಅಕ್ಕನವರ ತಪ್ಪನ್ನು ಮನ್ನಿಸಲಾಗಿದೆ' ಎಂದಿತ್ತು. ಅದರ ಅಂಚಿನಲ್ಲಿ 'ಯಾವ ತಪ್ಪು ಸಾರ್?' ಎಂದು ಪೆನ್ಸಿಲಿನಲ್ಲಿ ಬರೆದು ಹಿಂದಿರುಗಿಸಿದರು. ಇದನ್ನು ಓದಿದ ಬಳಿಕ, ಮೂರನೆಯ ಕರಡಿಗೆ ಹೊಸ ಹಾಳೆ ತೆಗೆಯುವಂತೆ ಲಿಫ್ಟಿನೊಳಗಿನಿಂದ ಗುಮಾಸ್ತರಿಗೆ ಸೂಚಿಸಲಾಯಿತು.

10. ಆದ್ದರಿಂದ ಈ ಮೂಲಕ ಆದೇಶಿಸಲಾಗಿದೆ:
(ಅ) ಸೋಮವಾರದ ಮೆಮೊವನ್ನು ಹಿಂಪಡೆಯಲಾಗಿದೆ. ಮೇಜು, ಕುರ್ಚಿ, ಬೆಸುಗೆ ಕಡ್ಡಿ ಅಕ್ಕನವರಿಗೆ ಸೇರತಕ್ಕದ್ದು.
(ಆ) ಇನ್ನು ಮುಂದೆ ಗೆರೆ ಕಡಿಯತಕ್ಕದ್ದಲ್ಲ. ಎರಡು ಸೂಜಿಗಳ ಕ್ರಮವೇ ವಿಭಾಗದ ಕ್ರಮ. ಇದನ್ನು ಪುಟ 13 ಎಂದು ಓದಿಕೊಳ್ಳುವುದು.
(ಇ) ಕೆಂಪು ತಂತಿಯನ್ನು ಲಿಫ್ಟಿನ ಬೋರ್ಡಿಗೆ ಕಾಯಂ ಆಗಿ ಬೆಸೆಯತಕ್ಕದ್ದು. ಐದು ಗಂಟೆಗೆ ಉಗ್ರಾಣದವರು ಅದನ್ನು ಕೇಳಿಕೊಂಡು ಬರತಕ್ಕದ್ದಲ್ಲ. ಬಂದರೆ ಮೆಟ್ಟಿಲಲ್ಲೇ ಬರತಕ್ಕದ್ದು.
(ಈ) ತಪ್ಪು ಅಕ್ಕನವರದ್ದಲ್ಲ. ಬ್ಲೇಡು ಹಿಡಿದವರದ್ದು. ಈ ವಾಕ್ಯವನ್ನು ಸೇರಿಸಲು ಯಾರೂ ಕೇಳಿರಲಿಲ್ಲ. ಮುಖ್ಯಾಧಿಕಾರಿಯವರು ತಾವಾಗಿಯೇ ಬರೆಸಿರುತ್ತಾರೆ.

11. ಈ ಹಿಂದೆ ಹೊರಡಿಸಿದ ಉಳಿದೆಲ್ಲ ಸುತ್ತೋಲೆಗಳು ಯಥಾಪ್ರಕಾರ ಜಾರಿಯಲ್ಲಿರುತ್ತವೆ. ವಿಶೇಷವಾಗಿ, ಮಧ್ಯಾಹ್ನ ಒಂದರಿಂದ ಎರಡರವರೆಗೆ ಊಟದ ವೇಳೆಯಾಗಿದ್ದು, ಆಗ ಯಾರೂ ಯಾವುದೇ ಉಪಕರಣವನ್ನು ಕೈಗೆತ್ತಿಕೊಳ್ಳತಕ್ಕದ್ದಲ್ಲ ಎಂಬ ಮುಖ್ಯಾಧಿಕಾರಿಯವರ ಕಟ್ಟುನಿಟ್ಟಿನ ಆದೇಶಕ್ಕೆ ಯಾವ ಸಂದರ್ಭದಲ್ಲೂ ವಿನಾಯಿತಿ ಇರುವುದಿಲ್ಲ.

ಸಹಿ/-
ಮುಖ್ಯಾಧಿಕಾರಿ
(ಮೊಣಕಾಲ ಮೇಲೆ ಕಾಗದವಿಟ್ಟು ಮಾಡಿದ್ದರಿಂದ ಸಹಿ ಓರೆಯಾಗಿದೆ)
ಸಮಯ: ಮಧ್ಯಾಹ್ನ 12.56

ಪ್ರತಿಗಳು:
1. ಉಗ್ರಾಣಕ್ಕೆ: ಕೆಂಪು ತಂತಿಯ ಆಸೆ ಬಿಡುವ ಸಲುವಾಗಿ.
2. ಟಪಾಲು ಶಾಖೆಗೆ: ಲಕೋಟೆಗಳನ್ನು ಇನ್ನು ತಾವೇ ಅಂಟಿಸಿಕೊಳ್ಳುವುದು.
3. ಮೂರನೇ ಮತ್ತು ಎರಡನೇ ಮಹಡಿಗಳಲ್ಲಿ ನಗುತ್ತಿರುವವರಿಗೆ: ಸರದಿಯಂತೆ ಓದಲು.
4. ಪಂಪಿನ ಮನೆಗೆ: ಮಾಹಿತಿಗಾಗಿ ಮಾತ್ರ. ಪಂಪು ಓಡುತ್ತಿರಲಿ.
5. ದುರಸ್ತಿ ಮೇಜಿನ ಅಕ್ಕನವರಿಗೆ: ಮೂಲ ಪ್ರತಿ. ಲಿಫ್ಟು ಲಭ್ಯವಿಲ್ಲದ ಕಾರಣ ಗುಮಾಸ್ತರು ನಾಲ್ಕು ಮಹಡಿ ಮೆಟ್ಟಿಲಿಳಿದು ತಲುಪಿಸಿದ್ದಾರೆ. ತಲುಪಿದ ಸಮಯ: 1.01. ಅಕ್ಕನವರ ಷರಾ: 'ಓದಿದೆ. ಎಲ್ಲ ಸರಿಯಾಗಿದೆ. ಎರಡಕ್ಕೆ ಬರ್ತೀನಿ. ಸಾರ್‌ಗೆ ಹಸಿವಾಗಿರುತ್ತೆ, ಎರಡು ತೆಳು ಬಿಸ್ಕತ್ತು ಕಳಿಸಿದೀನಿ, ಸಂದಿಯಲ್ಲಿ ತೂರಿಸಿ.'