ಒಂದು ಬಿಂದಿಗೆ ಹಾಲು, ಒಂದು ಚಮಚ ತಮಿಳು

ತಮಿಳು ಕಲಿಯುವುದು ನೀರು ಕುಡಿದಷ್ಟು ಸುಲಭ ಎಂದು ನಾನು ಬಹಳ ಕಾಲ ನಂಬಿದ್ದೆ. ಹಕಾರವಿದ್ದಲ್ಲಿ ಪಕಾರ ಹಾಕಿ, ಬೇಕೆನಿಸಿದಲ್ಲಿ ಕೊನೆಗೊಂದು 'ಅಂ' ಸೇರಿಸಿದರೆ ಮುಗಿಯಿತು. ಹಾಲು ಪಾಲಾಗುತ್ತದೆ, ಹೂವು ಪೂವಾಗುತ್ತದೆ, ಮರ ಮರಂ ಆಗುತ್ತದೆ. ಇಷ್ಟೇ ಬಂಡವಾಳದಲ್ಲಿ ಈ ಪರದೇಶದ ತಮಿಳು ಕೇರಿಯಾದ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಗಳಲ್ಲಿ ನಾಲ್ಕು ವರ್ಷ ಕರಿಬೇವು ಕೊಂಡಿದ್ದೇನೆ. ಕೆಲವೊಮ್ಮೆ ಕೊತ್ತಂಬರಿ ಕೊಡುತ್ತಿದ್ದರು. ಅದನ್ನು ಅಂಗಡಿಯವರ ತಪ್ಪೆಂದೇ ಎಣಿಸುತ್ತಿದ್ದೆ.

ಪೆಟಾಲಿಂಗ್ ಜಯಾದಲ್ಲಿ ನಮ್ಮ ಪಕ್ಕದ ಮನೆಯ ಲಕ್ಷ್ಮಿ ಅಕ್ಕ ತಮಿಳರು. ಕೊರೊನಾ ತಗುಲಿ ಅವರ ಯಜಮಾನರು ಆಸ್ಪತ್ರೆ ಸೇರಿದಾಗ, ಬದುಕಿ ಬಂದರೆ ತೈಪೂಸ ಹಬ್ಬದ ದಿನ ಬಾಟು ಗುಹೆಯ ಮುರುಗನಿಗೆ ಹಾಲು ಒಪ್ಪಿಸುತ್ತೇನೆಂದು ಹರಕೆ ಹೊತ್ತರು. ಯಜಮಾನರು ಬದುಕಿ ಬಂದರು. ಅಷ್ಟರಲ್ಲಿ ಅಕ್ಕನ ಮೊಣಕಾಲು ಕೈಕೊಟ್ಟಿತು. "ತಂಬಿ, ಎನಕ್ಕಾಗ ನೀ ಪೋವಿಯಾ?" ಎಂದು ಕಣ್ತುಂಬಿಕೊಂಡು ಕೇಳಿದರು. ನನಗಾಗಿ ಹೋಗುತ್ತೀಯಾ ಎಂದು ಕೇಳಿದವರಿಗೆ ಇಲ್ಲವೆನ್ನುವಷ್ಟು ತಮಿಳು ನನಗೆ ಬರುತ್ತಿರಲಿಲ್ಲ.

ಆ ಉತ್ಸವಕ್ಕೆ ನಾನು ಹೋದದ್ದು ಅದೇ ಮೊದಲು. ಎತ್ತ ನೋಡಿದರೂ ಹಳದಿ ಬಟ್ಟೆ, ಗಂಧ ಮೆತ್ತಿದ ಬೋಳುತಲೆಗಳು, ಮಾಸ್ಕಿನೊಳಗಿಂದ 'ವೇಲ್ ವೇಲ್' ಎಂಬ ಕೂಗು. ಈ ವರ್ಷ ಜನವೇ ಇಲ್ಲ ಎಂದು ಪಕ್ಕದವರು ಮರುಗುತ್ತಿದ್ದರು. ನನಗೆ ಕಾಲಿಡಲು ಜಾಗ ಸಿಗಲಿಲ್ಲ. ಬೆಳಗಿನಿಂದ ಉಪವಾಸ. ತಲೆಯ ಮೇಲೆ ಹಾಲು ತುಂಬಿ ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ಬಿಂದಿಗೆ.

ಮೆಟ್ಟಿಲ ಬುಡದಲ್ಲಿ ಸ್ವಯಂಸೇವಕರೊಬ್ಬರು ಮೈಕ್ ಹಿಡಿದು ಕೂಗಿದರು: "ಪಾಲ್ ಕುಡಂ! ಪಾಲ್ ಕುಡಂ ಎಲ್ಲಾಂ ಇಂಗೆ!" ನನ್ನ ವ್ಯಾಕರಣ ಚುರುಕಾಯಿತು. ಹಾಲು ಕುಡಿ, ಎಲ್ಲರೂ, ಇಲ್ಲೇ. ಆಗೆಲ್ಲ ಸರ್ಕಾರದ ನಿಯಮ ಬೆಳಿಗ್ಗೆಗೊಂದು, ಸಂಜೆಗೊಂದು. ಮೇಲೆ ಗುಂಪು ಸೇರದಿರಲೆಂದು ಈ ಹೊಸ ಏರ್ಪಾಡು ಮಾಡಿರಬೇಕು ಎಂದುಕೊಂಡು, ಬಿಂದಿಗೆಯ ಬಟ್ಟೆ ಬಿಚ್ಚಿ, ಮಾಸ್ಕ್ ಇಳಿಸಿ, ಭಕ್ತಿಯಿಂದ ಅರ್ಧ ಬಿಂದಿಗೆ ಗಟಗಟನೆ ಕುಡಿದೆ.

ಜೊತೆಗಿದ್ದ ನನ್ನ ಹೆಂಡತಿ ಸುಮಾ ಕೋಲಾರದಲ್ಲಿ ತಮಿಳು ಕೇಳುತ್ತಲೇ ಬೆಳೆದವಳು. ಹಣೆ ಚಚ್ಚಿಕೊಂಡಳು. "ಅಯ್ಯೋ ಕರ್ಮವೇ! ಕುಡಂ ಅಂದ್ರೆ ಕೊಡ ಕಣ್ರೀ! ಹಾಲಿನ ಕೊಡ ಹೊತ್ತೋರೆಲ್ಲ ಈ ಕಡೆ ಬನ್ನಿ ಅಂತಿದಾರೆ!"

ನನಗೆ ಜೀವವೇ ಹೋದಂತಾಯಿತು. ಒಬ್ಬ ಮನುಷ್ಯನ ಪ್ರಾಣದ ಹರಕೆ ನನ್ನ ಹೊಟ್ಟೆಯೊಳಗಿತ್ತು. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಏನಾಯಿತೆಂದು ಸುಮಾಳನ್ನು ವಿಚಾರಿಸಿದರು. ಆಮೇಲೆ ತಮ್ಮ ಕೊಡದ ಬಟ್ಟೆ ಬಿಚ್ಚಿ ನನ್ನ ಬಿಂದಿಗೆಗೆ ಹಾಲು ಸುರಿದರು. "ಪರವಾಯಿಲ್ಲ ಲಾ. ಮುರುಗನುಕ್ಕು ಪಸಿ ತೆರಿಯುಂ." ಮುರುಗನಿಗೆ ಹಸಿವು ಗೊತ್ತು. ಆ ದಿನ ನನಗೆ ಸರಿಯಾಗಿ ಅರ್ಥವಾದ ತಮಿಳು ಅದೊಂದೇ. ಇನ್ನೂರೆಪ್ಪತ್ತೆರಡು ಮೆಟ್ಟಿಲು ಹತ್ತಿ ಹಾಲು ಒಪ್ಪಿಸಿದೆ.

ಮನೆಗೆ ಬಂದರೆ ಗೇಟಿನಲ್ಲೇ ಅಕ್ಕ ಕಾಯುತ್ತಿದ್ದರು. ಹಿಂದೆ ಕುರ್ಚಿಯಲ್ಲಿ ಯಜಮಾನರು. ಅಕ್ಕ ನನ್ನ ಎರಡೂ ಕೈ ಹಿಡಿದು, ಒಂದು ತೊಟ್ಟೂ ಚೆಲ್ಲಲಿಲ್ಲ ತಾನೆ ಎಂದು ಕೇಳಿದರು. ಸುಮಾ ನನ್ನ ಮುಖವನ್ನೇ ನೋಡಿದಳು.

"ಮುರುಗನಾಣೆಗೂ ಒಂದು ತೊಟ್ಟು ನೆಲಕ್ಕೆ ಬೀಳಲಿಲ್ಲ ಅಕ್ಕಾ" ಎಂದೆ.

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋದರು. ಉಪವಾಸವಿದ್ದು ದಣಿದು ಬಂದಿದ್ದಾನೆಂದು ದೊಡ್ಡ ಲೋಟದ ತುಂಬ ಹಾಲು ತಂದು ಕೈಗಿತ್ತರು.

"ಹೂಂ, ಈಗ ಕುಡೀರಿ" ಎಂದಳು ಸುಮಾ, ಅಚ್ಚಕನ್ನಡದಲ್ಲಿ.