ಸಿಗ್ನಲ್ ಸಾಹೇಬರೂ ಕೀಬೋರ್ಡಿನ ಕೆಂಪು ದೀಪವೂ

"ಕೆಂಪು ದೀಪ, ಹಸಿರು ದೀಪದ ವಿಷಯದಲ್ಲಿ ನನಗೆ ಪಾಠ ಹೇಳೋನು ಇನ್ನೂ ಹುಟ್ಟಿಲ್ಲ ಕಣೇ! ಸಂಜೆಯೊಳಗೆ ಇದನ್ನ ರಿಪೇರಿ ಮಾಡದಿದ್ರೆ ಮೀಸೆ ಬೋಳಿಸ್ಕೋತೀನಿ!"

ಹೀಗೆಂದು ಸಿಗ್ನಲ್ ಸಾಹೇಬರು ಕೈಯಲ್ಲಿ ಕೀಬೋರ್ಡ್ ಹಿಡಿದು ನಡುಮನೆಯಲ್ಲಿ ನಿಂತು ಘೋಷಿಸಿದರು. ಹೆಂಡತಿ ಆ ಮೀಸೆಯನ್ನೊಮ್ಮೆ ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಮಾತಾಡಲಿಲ್ಲ. ಮಾತಾಡುವ ಹಾಗೂ ಇರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಗಿಬಿಟ್ಟಿತ್ತು. ಇನ್ನು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

ಅದೇನು ಅಂತಿಂಥ ದನಿಯೇ! ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂದರೆ ಓಡುವವರು ನಿಲ್ಲುತ್ತಿದ್ದರು, ಮಲಗಿದವರು ಎದ್ದು ಕೂರುತ್ತಿದ್ದರು. ಸಾಹೇಬರು ಅದೇ ಸ್ಟೇಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿದ್ದರು. ಇವರು ದೀಪ, ಅವರು ದನಿ. ಹಾಗೆ ಶುರುವಾದ ಸಂಸಾರ. ಪ್ರಕಟಣೆಯನ್ನು ಎರಡು ಸಲ ಹೇಳುವುದು ಸ್ಟೇಷನ್ನಿನ ನಿಯಮ. ಆ ನಿಯಮ ಮನೆಗೂ ಬಂತು. "ಊಟಕ್ಕೆ ಬನ್ನಿ, ಊಟಕ್ಕೆ ಬನ್ನಿ." "ಕೊಡೆ ತಗೊಳ್ಳಿ, ಕೊಡೆ ತಗೊಳ್ಳಿ." ಸಾಹೇಬರು ರೇಗುತ್ತಿದ್ದರು: "ಒಂದ್ಸಲ ಹೇಳಿದ್ರೆ ಸಾಕು ಮಹರಾಯ್ತಿ! ನಾನೇನು ಆಚೆ ಪ್ಲಾಟ್‌ಫಾರ್ಮಲ್ಲಿದೀನಾ?"

ದನಿ ಹೋದ ಮೇಲೆ ಸಾಹೇಬರ ತಂಗಿ ಒಂದು ವೈರ್‌ಲೆಸ್ ಕೀಬೋರ್ಡ್ ತಂದು ಟಿವಿಗೆ ಜೋಡಿಸಿಕೊಟ್ಟಿದ್ದಳು. ಅತ್ತಿಗೆ ಒತ್ತಿದ್ದೆಲ್ಲ ಟಿವಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಮೂಡುತ್ತಿತ್ತು. ಕೀಲಿಮಣೆ ಬಂದಿದ್ದೇ ಬಂದಿದ್ದು, ಮನೆಯಲ್ಲಿ ಅದಕ್ಕೇ ಮೊದಲ ಮಣೆ! ಆದರೆ ಈಚೆಗೆ ಕೆಲವು ದಿನಗಳಿಂದ ಟಿವಿ ಖಾಲಿ. ಒಂದಕ್ಷರವೂ ಇಲ್ಲ. ಕೀಬೋರ್ಡಿನ ಮೂಲೆಯಲ್ಲಿ ಕೆಂಪು ದೀಪವೊಂದು ಸುಮ್ಮನೆ ಉರಿಯುತ್ತಿತ್ತು.

ಕೆಂಪು ಅಂದರೇನು? ನಿಂತಿದೆ! ಜೀವಮಾನವಿಡೀ ಕೆಂಪು ತೋರಿಸಿ ರೈಲು ನಿಲ್ಲಿಸಿದ ಮನುಷ್ಯನಿಗೆ ಇದರಲ್ಲಿ ಅನುಮಾನವೆಲ್ಲಿಯದು? ಕೀಬೋರ್ಡಿನ ಅಂಚಿನ ಪುಟ್ಟ ಸ್ವಿಚ್ಚನ್ನು ಆಚೆ ತಳ್ಳಿದರು, ದೀಪ ಆರಿತು. ಈಚೆ ತಳ್ಳಿದರು, ಮತ್ತೆ ಕೆಂಪು. ಮತ್ತೆ ಆರಿಸಿ ಚಾರ್ಜರ್ ಚುಚ್ಚಿದರು, ಹಸಿರು!

"ಬಂತು ಬಂತು! ಲೈನ್ ಕ್ಲಿಯರ್! ಮಾತಾಡೇ!" ಎಂದು ಹೆಂಡತಿಯ ಮುಂದೆ ಹಿಡಿದರು. ಅವರು ಕೈಕಟ್ಟಿ ಕೂತರು.

"ಛೇ! ಹಸಿರಲ್ಲೂ ಓಡದ ಗಾಡಿ ಇದೊಂದೇ!"

ಸಾಹೇಬರು ಚಾರ್ಜರ್ ಕಿತ್ತು, ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಗೆ ನಡೆದರು. ಒಲೆಯ ಮೇಲೆ ಹಾಲಿಟ್ಟು ಸ್ಟೂಲಿನ ಮೇಲೆ ಕೂತರು. ಸ್ಕ್ರೂ ಹುಡುಕಿದರೆ ಒಂದೂ ಇಲ್ಲ. ಸ್ವಿಚ್ಚನ್ನು ಇನ್ನೊಮ್ಮೆ ತಳ್ಳಿದರು. ಅದೇ ಹಾಳು ಕೆಂಪು. ಹೊರಗೆ ಬಾಗಿಲು ಸದ್ದಾಯಿತು. ತಂಗಿ ಬಂದಳೆಂದು ಕಾಣುತ್ತದೆ. ಏಳಲು ಮನಸ್ಸಾಗಲಿಲ್ಲ. ಮೀಸೆಯ ಚಿಂತೆ ದೊಡ್ಡದಲ್ಲ. ಹೆಂಡತಿಯ ಮಾತು ಈ ಕೀಲಿಮಣೆಯೊಳಗೆ ಸಿಕ್ಕಿಕೊಂಡಿದೆ, ತೆಗೆಯಲು ತಮ್ಮಿಂದಾಗುತ್ತಿಲ್ಲ ಎಂಬುದೇ ದೊಡ್ಡದು.

ಸತ್ತ ಕೀಬೋರ್ಡ್ ತಾನೇ, ಯಾರಿಗೆ ಕೇಳಿಸೀತು? ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತತೊಡಗಿದರು.

"ನಿನ್ನೆ ಬೇಕಂತಲೇ ಕೊಡೆ ಬಿಟ್ಟು ಹೊರಟೆ. ಗೇಟಿನ ಹತ್ತಿರ ನಿಂತು ಕಾದೆ. ಯಾರೂ ಕೂಗಲಿಲ್ಲ. ನೆನೆದುಕೊಂಡೇ ಹೋದೆ. ನಿನ್ನ ಮುಂದೆ ಅಳೋಕೆ ನಾಚಿಕೆ ಕಣೇ. ನೀನು ಬೈದರೂ ಸರಿ, ಏನಾದರೂ ಹೇಳು."

"ಅಣ್ಣಾ!" ತಂಗಿಯ ದನಿ. "ಒತ್ತೋದು ಸಾಕು ಮಾಡಿ ಈಚೆ ಬಾ!"

ಸಾಹೇಬರು ನಡುಮನೆಗೆ ಬಂದು ನೋಡುತ್ತಾರೆ, ಕೊಡೆಯಿಂದ ಹಿಡಿದು ಅಳುವಿನವರೆಗೆ ಎಲ್ಲವೂ ಟಿವಿಯ ಮೇಲೆ ದಪ್ಪ ಅಕ್ಷರಗಳಲ್ಲಿ ರಾರಾಜಿಸುತ್ತಿದೆ!

"ಇದು... ಇದು ಕೆಂಪಿತ್ತಲ್ಲೇ!"

"ಕೆಂಪು ಅಂದ್ರೆ ಆನ್ ಆಗಿದೆ ಅಂತ! ಹಸಿರು ಬರೀ ಚಾರ್ಜಿಗೆ!"

"ಹಾಗಾದ್ರೆ ಇಷ್ಟು ದಿನ ಕೆಟ್ಟಿದ್ದು?"

"ಕೀಬೋರ್ಡ್ ಕೆಟ್ಟಿರ್ಲಿಲ್ಲ. ಅತ್ತಿಗೆ ಮನಸ್ಸು ಕೆಟ್ಟಿತ್ತು. ಆವತ್ತು ಫೋನಲ್ಲಿ ನನ್ನ ಹತ್ರ ಏನಂದೆ? 'ಎರಡೆರಡು ಸಲ ಕೇಳೋ ಕರ್ಮ ತಪ್ಪಿತು, ಮನೆ ಈಗ ನೆಮ್ಮದಿ' ಅಂತ ನಗ್ಲಿಲ್ವಾ? ಬಾಗಿಲ ಹಿಂದೆ ಅತ್ತಿಗೆ ಇದ್ರಂತೆ. ಇವತ್ತು ನನಗೆ ಮೆಸೇಜ್ ಮಾಡಿದ್ರು, ಅದಕ್ಕೇ ಓಡಿಬಂದೆ."

"ತಮಾಷೆಗೆ ಅಂದೆ ಕಣೇ... ಅಳು ಬರ್ತಿತ್ತು, ಅದಕ್ಕೇ ತಮಾಷೆ ಮಾಡಿದೆ."

ಇದನ್ನು ಅವರು ಹೇಳಿದ್ದು ತಂಗಿಗಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೈ ಚಾಚಿದರು. ಸಾಹೇಬರು ಕೀಬೋರ್ಡನ್ನು ತೊಡೆಯ ಮೇಲಿಟ್ಟರು. ಬೆರಳುಗಳು ಓಡಿದವು.

"ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಲ್ಲಿ ಹಾಲು ಉಕ್ಕಿ ಹೋಗಿದೆ. ಮೀಸೆಯು ಇಂದು ಸಂಜೆ ಹೊರಡಲಿದೆ."

ತಂಗಿ ಗೊಳ್ಳೆಂದು ನಕ್ಕು ಒಲೆ ಆರಿಸಲು ಓಡಿದಳು. ಸಾಹೇಬರೂ ನಕ್ಕರು, ಅರ್ಧದಲ್ಲಿ ನಗು ನಿಂತಿತು. ಟಿವಿಯ ಮೇಲೆ ಅಕ್ಷರಗಳಿದ್ದವು, ಮನೆಯಲ್ಲಿ ಆ ದನಿ ಇರಲಿಲ್ಲ. ಹೆಂಡತಿಯ ಪಕ್ಕದಲ್ಲಿ ಕೂತು, ಮೀಸೆಯ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳದೆ ಕೇಳಿದರು:

"ಇನ್ನೊಂದ್ಸಲ ಹೇಳೇ."

ಅವರು ಇನ್ನೊಂದು ಸಲ ಒತ್ತಿದರು.