ಸಂದಿಯಿಲ್ಲದ ಮನೆ

ದಂಡಿನಶಿವರದ ಭೀಮರಾಜುವಿನ ಮನೆಯ ಪಡುವಣ ಗೋಡೆ ಮಧ್ಯಾಹ್ನವಾದರೆ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಹೋದ ತಿಂಗಳು ಮಗಳು ಭವ್ಯಶ್ರೀಯನ್ನು ನೋಡಲು ಬಂದವರು ಹಜಾರದಲ್ಲಿ ಬೆವತು, ಉಪ್ಪಿಟ್ಟೂ ಮುಟ್ಟದೆ ಎದ್ದುಹೋಗಿದ್ದರು. ಭೀಮರಾಜು ತಕ್ಷಣ ಮನೆ ರಿಪೇರಿಗೆ ಇಳಿದ. ಹೊರಗೋಡೆಗೆ ಥರ್ಮಾಕೋಲ್ ಹಾಳೆ ಅಂಟಿಸಿ, ಜಾಲರಿ ಹೊಡೆಸಿ, ಮೇಲೆ ಗಾರೆ ಮಾಡಿಸಿದ. ಕಿಟಕಿ ಬಾಗಿಲುಗಳ ಸುತ್ತ ಬಿಸಿಗಾಳಿ ನುಗ್ಗುವ ಸಂದಿಗಳಷ್ಟೇ ಉಳಿದಿದ್ದವು.

ಇವತ್ತು ತುರುವೇಕೆರೆ ಕಡೆಯ ಗಂಡು ಬರುವುದಿತ್ತು. ಬೆಳಿಗ್ಗೆಯೇ ಭೀಮರಾಜು ತಿಪಟೂರಿನಿಂದ ತಂದ ಫೋಮ್ ಡಬ್ಬಿ ಹಿಡಿದು ಸಂದಿಗಳಿಗೆ ನೊರೆ ಬಿಡತೊಡಗಿದ. ಪಕ್ಕದ ಮನೆಯ ಶಿವಣ್ಣ ಬಂದು ನಿಂತ.

"ಸಾಲ್ದು ಕಣಪ್ಪ, ಇನ್ನೊಸಿ ಬುಡು."

"ಆಮೇಲೆ ಉಬ್ಬುತ್ತಂತೆ ಕಣಣ್ಣ."

"ಉಬ್ಬಿದ್ರೆ ಕುಯ್ದಾಕಿದ್ರಾಯ್ತು."

ಭೀಮರಾಜು ಬಿಟ್ಟ. ನೊರೆ ಹಾಲಿನಂತೆ ಉಕ್ಕಿ ಚೌಕಟ್ಟು ದಾಟಿ ಕದಕ್ಕೂ ಹತ್ತಿತು. ಒರೆಸಲು ಹೋದ ಟವೆಲ್ಲೂ ಅಲ್ಲೇ ಅಂಟಿತು. ಮಧ್ಯಾಹ್ನದ ಹೊತ್ತಿಗೆ ನೊರೆ ಒಣಗಿ ಗಟ್ಟಿಯಾಗಿ, ಮುಂಬಾಗಿಲು ಗೋಡೆಯೊಂದಿಗೆ ಒಂದಾಗಿತ್ತು. ಶಿವಣ್ಣ ಎಳೆದ, ಹಿಡಿಕೆ ಕೈಗೆ ಬಂತು.

"ಕೆಲ್ಸ ಮಾತ್ರ ಗಟ್ಟಿ ಮಾಡಿದ್ದೀಯ" ಅಂದ.

ಅಷ್ಟರಲ್ಲಿ ಕಾರು ಬಂತು. ಭೀಮರಾಜುವಿನ ಹೆಂಡತಿ ಸುವರ್ಣಮ್ಮ ಧೃತಿಗೆಡದೆ ಹಿತ್ತಲಿಂದ ಕರೆದಳು. "ಈ ಕಡೆಯಿಂದ ಬನ್ನಿ, ಕೊಟ್ಟಿಗೆ ದಾಟಿ ಬಂದ್ರೆ ಒಳ್ಳೇದಾಗುತ್ತೆ." ಗಂಡಿನ ತಾಯಿ ರೇಷ್ಮೆ ಸೀರೆ ಎತ್ತಿ ಹಿಡಿದು ಎಮ್ಮೆಯ ಬಾಲ ತಪ್ಪಿಸಿಕೊಂಡು ಒಳಗೆ ಬಂದರು.

ಒಳಗೆ ಮಡಕೆಯೊಳಗಿನ ತಂಪು. ಗಂಡಿನ ತಂದೆ ಗೋವಿಂದಯ್ಯ ಗೋಡೆ ಸವರಿ ನೋಡಿ, ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡರು. ಗಂಡು ಮೋಹನ್ ಕುಮಾರ್ ಗೋಡೆಗೊರಗಿದವನು ಅಲ್ಲೇ ಕಣ್ಣು ಮುಚ್ಚಿದ. ಗೊರಕೆ ಶುರುವಾಯಿತು. ಹೊರಗೆ ಹೋಗಲು ಒಂದು ಸಂದಿಯೂ ಇಲ್ಲದೆ ಅದು ಹಜಾರದಲ್ಲೇ ಹಿಟ್ಟಿನ ಗಿರಣಿಯಂತೆ ಸುತ್ತಿತು.

"ದಿನಾ ಹಿಂಗೇ ಕಣ್ರೀ, ಒಳ್ಳೆ ನಿದ್ದೆ ನಮ್ಮುಡುಗಂದು" ಎಂದರು ಗೋವಿಂದಯ್ಯ ಹೆಮ್ಮೆಯಿಂದ. "ನಮಗೆ ಸಂಬಂಧ ಒಪ್ಪಿಗೆ."

ಭೀಮರಾಜು ಕಣ್ಣೊರೆಸಿಕೊಂಡು ಅಡುಗೆಮನೆಗೆ ಓಡಿದ. ಭವ್ಯಶ್ರೀ ಎರಡೂ ಕಿವಿಗೆ ಬೆರಳಿಟ್ಟು ಕೂತಿದ್ದಳು.

"ನಂಗ್ ಬ್ಯಾಡಪ್ಪ. ಈ ಸದ್ದಿನ ಜೊತೆ ಒಂದು ರಾತ್ರಿನೂ ಕಳಿಯಾಕಾಗಲ್ಲ."

ಹೇಗೆ ಹೇಳುವುದೆಂದು ತಡವರಿಸುತ್ತ ಭೀಮರಾಜು ಹಜಾರಕ್ಕೆ ಮರಳಿದರೆ ಗೋವಿಂದಯ್ಯ, ಅವರ ಹೆಂಡತಿ, ಕಂಬಕ್ಕೊರಗಿದ ಸುವರ್ಣಮ್ಮ, ಎಲ್ಲರೂ ಮಲಗಿಬಿಟ್ಟಿದ್ದರು. ಎಬ್ಬಿಸಲು ಧೈರ್ಯ ಸಾಲದೆ ಕೊಟ್ಟಿಗೆ ದಾಟಿ ಹೊರಬಂದು ಬಿಸಿಲಲ್ಲಿ ಕೂತ.

"ಏನಂದ್ರಪ್ಪ?" ಎಂದ ಶಿವಣ್ಣ.

"ಒಪ್ಕೊಂಡು ಮಲಗವ್ರೆ."

"ಮಗಳು?"

"ಎಚ್ಚರವಾಗಿರೋದು ಅವಳೊಬ್ಳೇ ಕಣಣ್ಣ."